ಕುರ್ಚಿಗೂ ಗೋಡೆಗೂ ನಡುವಿನ ದಾರಿ

ನನ್ನ ಗಂಡ ದೋಣಿ ಕಟ್ಟುತ್ತಿದ್ದರು. ಯಾರಾದರೂ ಬಡಗಿ ಎಂದರೆ ಇವರಿಗೆ ಆಗುತ್ತಿರಲಿಲ್ಲ. "ಬಡಗಿ ಬಾಗಿಲಲ್ಲಿ ಸಂದು ಬಿಟ್ರೆ ಗಾಳಿ ಬರುತ್ತೆ. ನಾನು ಬಿಟ್ರೆ ನೀರು ಬರುತ್ತೆ" ಎನ್ನುತ್ತಿದ್ದರು. ಇವರಿಗಿದ್ದ ಜಂಬ ಇಷ್ಟೇ. ಮಿಕ್ಕಂತೆ ತಗ್ಗಿ ನಡೆಯುವ ಮನುಷ್ಯ. ದಾರಿಯಲ್ಲಿ ನಾಯಿ ಮಲಗಿದ್ದರೆ ಸುತ್ತಿ ಹೋಗುತ್ತಿದ್ದರು.

ನಾನು ಮೀನು ಮಾರುವವಳು. ನಾಯಿಯನ್ನು ಎಬ್ಬಿಸಿ ಹೋಗುವವಳು. ನಿಮಗಿಬ್ಬರಿಗೂ ಹೇಗೆ ಸರಿಹೋಗುತ್ತೆ ಎಂದು ಕೇಳಿದವರಿಗೆಲ್ಲ ಇವರು, "ಮನೆಗೊಂದು ಬಾಯಿ ಸಾಕು" ಎನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ತೀರಿಕೊಂಡರು. ಇವರ ವಿಷಯ ಬರೆಯೋಣ ಎಂದು ಕೂತರೆ ದಾರಿಯ ವಿಷಯವೇ ಬರುತ್ತದೆ. ಎರಡನ್ನೂ ಬೇರೆ ಮಾಡಿ ಬರೆಯಲು ನನಗೆ ಬರುವುದಿಲ್ಲ.

ಇವರ ಶೆಡ್ಡು ನಮ್ಮ ಮನೆಗೆ ಅಂಟಿಕೊಂಡೇ ಇದೆ. ಎದುರಿಗೆ ಬೀದಿ. ಬೀದಿಯ ಆಚೆ ಒಂದು ಉದ್ದನೆಯ ಕಾಂಪೌಂಡು. ಅದನ್ನು ದಾಟಿದರೆ ಮರಳು, ಆಮೇಲೆ ಸಮುದ್ರ. ಕಾಂಪೌಂಡಿಗೆ ಬೀದಿಯ ಕಡೆ ಒಂದು ಗೇಟು, ಸಮುದ್ರದ ಕಡೆ ಒಂದು ಗೇಟು. ನಡುವೆ ಅಂಗಳ. ಆ ಅಂಗಳವೇ ನಮ್ಮ ಕೇರಿಗೆಲ್ಲ ದಾರಿ. ಅದನ್ನು ಬಿಟ್ಟರೆ ಬಂದರನ್ನು ಸುತ್ತಿಕೊಂಡು ಬರಬೇಕು. ನಡೆದು ಮುಗಿಯುವ ಮಾತಲ್ಲ. ದೋಣಿಗಾದರೆ ಲಾರಿಯೇ ಬೇಕು.

ಆ ಜಾಗದ ಯಜಮಾನರು ಬೆಳಗಿನಿಂದ ಸಂಜೆಯವರೆಗೆ ಬೀದಿಯ ಗೇಟಿನಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನೆರಳೂ ಅಲ್ಲೇ, ಬೀದಿಯ ಸುದ್ದಿಯೂ ಅಲ್ಲೇ. ಕುರ್ಚಿ ಯಜಮಾನರು ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ದೋಣಿ ಹೋಗಬೇಕೆಂದರೆ ಅವರು ಏಳಬೇಕು, ಕುರ್ಚಿ ಎತ್ತಬೇಕು, ಗೇಟಿನ ಎರಡೂ ಬಾಗಿಲು ತೆಗೆಯಬೇಕು. ಅದಕ್ಕೆ ಇವರು ಕೇಳುತ್ತಿದ್ದರು. ಹೆಗಲ ಮೇಲೆ ದೋಣಿ ಇದ್ದರೂ ತಲೆ ಬಗ್ಗಿಸಿ ಕೇಳುತ್ತಿದ್ದರು.

"ಯಜಮಾನ್ರೇ, ದಾರಿ ಕೊಡ್ತೀರಾ?"

"ಕೊಡದೇ ಇದ್ರೆ?"

"ಇಲ್ಲೇ ಇಳಿಸ್ತೀವಿ. ನಾಳೆಯಿಂದ ನೀವು ಇದರಲ್ಲೇ ಕೂತ್ಕೋಬಹುದು."

ಮುದುಕರು ನಗುತ್ತಾ ಏಳುತ್ತಿದ್ದರು. ಕೇರಿಯ ಗಂಡಸರಿಗೆಲ್ಲ ಇವರೇ ಇದನ್ನು ಕಲಿಸಿದ್ದು. ಬರಿಗೈಯಲ್ಲಿ ಹೋಗುವವನೂ ಗೇಟಿನಲ್ಲಿ ನಿಂತು ಒಂದು ಮಾತು ಕೇಳಿಯೇ ಹೋಗಬೇಕು. ಕೇಳದೆ ಹೋದವನನ್ನು ಇವರು ಸಂಜೆ ಹಿಡಿದು ಬುದ್ಧಿ ಹೇಳುತ್ತಿದ್ದರು.

ಹೆಂಗಸರು ನಾವು ಕೇಳುತ್ತಿರಲಿಲ್ಲ. ಕುರ್ಚಿಗೂ ಗೋಡೆಗೂ ನಡುವೆ ಸಂದು ಇತ್ತು. ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ಅದರಲ್ಲಿ ನುಸುಳುತ್ತಿದ್ದೆವು. ತಲೆಹೊರೆ ಇದ್ದಾಗ ನಿಂತರೆ ಕತ್ತು ಹಿಡಿಯುತ್ತದೆ, ತಿರುಗಿದರೆ ಬುಟ್ಟಿ ಜಾರುತ್ತದೆ. ಹೋಗುತ್ತಿರಬೇಕು, ಅಷ್ಟೇ. ಬುಟ್ಟಿಯ ನೀರು ಯಜಮಾನರ ಹೆಗಲಿಗೆ ತೊಟ್ಟಿಕ್ಕುತ್ತಿತ್ತು.

"ನಿನ್ನ ಗಂಡನಿಗೆ ಕೊಟ್ಟ ಮರ್ಯಾದೆಯಲ್ಲಿ ಒಂದು ಚೂರು ನಿನಗೂ ಕೊಡಬಾರದಿತ್ತಾ ದೇವರು" ಎಂದು ಬೈಯುತ್ತಿದ್ದರು.

"ಕುರ್ಚಿ ಆಚೆ ಹಾಕ್ಕೊಳ್ಳಿ" ಎಂದು ನಾನು ನಡೆಯುತ್ತಿದ್ದೆ.

ಮನೆಗೆ ಬಂದರೆ ಇವರದ್ದು ಶುರು. "ಒಂದು ಮಾತು ಕೇಳಿ ಹೋದ್ರೆ ನಾಲಿಗೆ ಸವೆಯುತ್ತಾ ನಿಂಗೆ?" ನಾನು ಉತ್ತರ ಕೊಡುತ್ತಿರಲಿಲ್ಲ. ಅದನ್ನೂ ಮರ್ಯಾದೆ ಇಲ್ಲದ್ದು ಎನ್ನುತ್ತಿದ್ದರು.

ಕುರ್ಚಿ ಯಜಮಾನರು ಸತ್ತರು. ಅವರ ಮಗ ಬೇರೆ ಕಡೆ ಇದ್ದವನು, ಬಂದು ಜಾಗವನ್ನು ಒಂದು ಹೋಟೆಲ್ ಕಂಪನಿಗೆ ಮಾರಿದ. ಅದೇ ಹೊತ್ತಿಗೆ ಸರ್ಕಾರದವರು ಕಡಲತೀರಕ್ಕೆ ಹೊಸ ನಕ್ಷೆ ಮಾಡಲು ಹೊರಟಿದ್ದರು. ಎಲ್ಲಿ ಕಟ್ಟಡ ಕಟ್ಟಬಹುದು, ಎಲ್ಲಿ ಕಟ್ಟಬಾರದು, ನೀರಿಗೆ ಹೋಗುವ ಯಾವ ದಾರಿ ಎಲ್ಲರದ್ದು, ಯಾವುದು ಅಲ್ಲ, ಎಲ್ಲ ಅದರಲ್ಲಿ ಬರುತ್ತದೆ ಎಂದರು. ನಕ್ಷೆಯಲ್ಲಿ ಗೆರೆ ಇದ್ದರೆ ದಾರಿ ಉಳಿಯಿತು. ಇಲ್ಲದಿದ್ದರೆ ಹೋಟೆಲ್ಲಿನವರು ಗೋಡೆ ಎಬ್ಬಿಸುತ್ತಾರೆ.

ನಕ್ಷೆ ಆಫೀಸಿನ ಮೇಡಂ ಒಬ್ಬರು ನೋಡಲು ಬಂದರು. ಒಳ್ಳೆಯ ಹೆಂಗಸು. ಶೆಡ್ಡಿನಲ್ಲಿ ಮರದ ದಿಮ್ಮಿಯ ಮೇಲೆ ಕೂತು ನೀರು ಕೇಳಿ ಕುಡಿದರು. ಇವರು ಉಳಿ ಹಿಡಿದು ಹಲಗೆ ಕೆತ್ತುತ್ತಿದ್ದರು. ನನ್ನ ಮೈದುನನಿಗೆ ಕಟ್ಟುತ್ತಿದ್ದ ದೋಣಿ ಅರ್ಧ ಆಗಿತ್ತು.

"ಸುಮ್ಮನೆ ಓಡಾಡಿದ್ದಕ್ಕೆ ದಾರಿ ನಿಮ್ಮದು ಅಂತ ಆಗಲ್ಲ" ಎಂದರು ಮೇಡಂ. "ಜಾಗದವರನ್ನ ಕೇಳಿ, ಅವರು ಹೂಂ ಅಂದ ಮೇಲೆ ಹೋಗ್ತಿದ್ರೆ ಅದು ಅವರು ಮಾಡಿದ ಉಪಕಾರ. ಜಾಗ ಕೈ ಬದಲಾದ್ರೆ ಉಪಕಾರ ಮುಗೀತು. ಯಾರನ್ನೂ ಕೇಳದೆ, ಎಲ್ಲರ ಕಣ್ಣೆದುರಿಗೇ, ತಲೆಮಾರಿನಿಂದ ಓಡಾಡಿದ್ರೆ ಮಾತ್ರ ಅದು ಎಲ್ಲರ ದಾರಿ. ಸಭೆ ಕರೀತೀವಿ. ಬಂದು ಹೇಳಿ."

ಉಳಿಯ ಸದ್ದು ನಿಂತಿತು. ತಿರುಗಿ ನೋಡಿದೆ. ಇವರ ಮುಖದಲ್ಲಿ ರಕ್ತ ಇರಲಿಲ್ಲ.

ಮೇಡಂ ಹೋದ ಮೇಲೆ ಮೈದುನ ಓಡಿ ಬಂದ.

"ಅಣ್ಣಾ, ಕೇಳ್ತಿರಲಿಲ್ಲ ಅಂದ್ಬಿಡು. ಮುಗೀತು."

"ಕೇಳ್ತಿದ್ನಲ್ಲೋ."

"ಅದು ನಿಂಗೆ ಗೊತ್ತು, ಸತ್ತೋರಿಗೆ ಗೊತ್ತು."

"ನಿಂಗೂ ಗೊತ್ತು."

"ನಂಗೆ ಮರ್ತುಹೋಗಿದೆ."

ಇವರು ನಗಲಿಲ್ಲ. ಮೈದುನ ಹೆದರಿದ್ದ. ಅವನ ಹಳೆಯ ದೋಣಿ ಬಿರುಕು ಬಿಟ್ಟಿತ್ತು. ಹೊಸದು ಶೆಡ್ಡಿನಿಂದ ಹೊರಗೆ ಬರದಿದ್ದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಇವರದ್ದೂ ಅಷ್ಟೇ. ನೀರಿಗೆ ಇಳಿಸಲು ಆಗದ ಕಡೆ ದೋಣಿ ಕಟ್ಟಿಸುವವರು ಯಾರು?

ಕೇರಿಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಂದು ಅದನ್ನೇ ಹೇಳಿದರು. ನೀವೇ ಹಿರಿಯರು, ನಿಮ್ಮ ಮಾತೇ ನಡೆಯೋದು, ಕೇಳ್ತಿರಲಿಲ್ಲ ಅಂದ್ರೆ ಆಯ್ತು. ಇವರು ಎಲ್ಲರಿಗೂ ತಲೆ ಆಡಿಸಿದರು. ಅದು ಹೂಂ ಎಂದೋ ಅಲ್ಲ ಎಂದೋ ಯಾರಿಗೂ ಗೊತ್ತಾಗಲಿಲ್ಲ. ಊಟ ಬಿಟ್ಟರು. ಕೆತ್ತಿದ ಹಲಗೆಯನ್ನೇ ಮತ್ತೆ ಕೆತ್ತಿ ತೆಳ್ಳಗೆ ಮಾಡಿ ಹಾಳು ಮಾಡಿದರು. ಇವರು ಹಲಗೆ ಹಾಳು ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಏನ್ ಹೇಳ್ತೀರಿ ಅಲ್ಲಿ?" ಎಂದು ಕೇಳಿದೆ.

"ಹೋಗಿ ನಿಂತ ಮೇಲೆ ಬಾಯಿಗೆ ಏನು ಬರುತ್ತೋ ಅದು."

ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು.

ಸಭೆ ನಡೆದದ್ದು ಕಚೇರಿಯ ದೊಡ್ಡ ಕೋಣೆಯಲ್ಲಿ. ಫ್ಯಾನು ಕಿರುಗುಟ್ಟುತ್ತಿತ್ತು. ಗೋಡೆಯ ಮೇಲೆ ಕಡಲತೀರದ ನಕ್ಷೆ. ನಮ್ಮ ದಾರಿಯ ಜಾಗದಲ್ಲಿ ಪೆನ್ಸಿಲ್ಲಿನ ಚುಕ್ಕಿ ಚುಕ್ಕಿ ಗೆರೆ. ಮೇಜಿನ ಆ ಕಡೆ ಮೇಡಂ. ಈ ಕಡೆ ಹೋಟೆಲ್ಲಿನ ವಕೀಲರು, ಅವರ ಪಕ್ಕ ಕುರ್ಚಿ ಯಜಮಾನರ ಮಗ. ನಾವೆಲ್ಲ ಬೆಂಚಿನ ಮೇಲೆ. ನಾನು ಬುಟ್ಟಿಯನ್ನು ಹೊರಗೆ ಇಟ್ಟು ಬಂದಿದ್ದೆ, ಆದರೂ ಮುಂದಿನ ಸಾಲಿನವನು ಮೂಗು ಮುಚ್ಚಿಕೊಂಡ.

ಇವರನ್ನು ಕರೆದರು. ವಕೀಲರು ಮೆಲ್ಲಗೆ, ಗೌರವದಿಂದಲೇ ಕೇಳಿದರು.

"ದೋಣಿ ತಗೊಂಡು ಹೋಗುವಾಗ ಯಜಮಾನರಿಗೆ ಏನಂತ ಹೇಳ್ತಿದ್ರಿ?"

ಮೈದುನ ಮುಂದಿನ ಬೆಂಚನ್ನು ಬಿಗಿಯಾಗಿ ಹಿಡಿದಿದ್ದ. ಇವರು ತಮ್ಮ ಕೈಗಳನ್ನು ನೋಡಿಕೊಂಡರು.

"ದಾರಿ ಕೊಡ್ತೀರಾ ಅಂತ ಕೇಳ್ತಿದ್ದೆ."

ಹಿಂದಿನಿಂದ ಯಾರೋ ಉಸಿರು ಬಿಟ್ಟರು. ಮೈದುನ ಕಣ್ಣು ಮುಚ್ಚಿದ.

"ಪ್ರತಿ ಸಲ?"

"ಪ್ರತಿ ಸಲ."

"ಅವರು ಬೇಡ ಅಂದಿದ್ದು ಇದೆಯಾ?"

"ಒಂದು ಸಲ ಅಂದಿದ್ರು. ಅವರ ಮನೆಯಮ್ಮ ತೀರಿಕೊಂಡಾಗ. ಅಂಗಳದಲ್ಲಿ ಮಲಗಿಸಿದ್ರು. ನಾವು ದೋಣಿ ಹೊತ್ತು ಗೇಟಿಗೆ ಹೋಗಿದ್ವಿ. ಇವತ್ತು ಬೇಡಪ್ಪ ಅಂದ್ರು."

"ನೀವೇನು ಮಾಡಿದ್ರಿ?"

"ವಾಪಸ್ ಬಂದ್ವಿ. ಹೆಣ ಇಟ್ಕೊಂಡಿದ್ದಾರೆ ಸ್ವಾಮಿ, ದೋಣಿ ಹೊತ್ಕೊಂಡು ದಾಟೋಕಾಗುತ್ತಾ?"

"ಅವರು ಬೇಡ ಅಂದ್ರು, ನೀವು ಹೋಗಲಿಲ್ಲ. ಅಷ್ಟು ಹೇಳಿದ್ರೆ ಸಾಕು."

"ಹೋಗಲಿಲ್ಲ."

ವಕೀಲರು ಕೂತರು. ಬೇರೇನೂ ಕೇಳಬೇಕಾಗಿರಲಿಲ್ಲ. ಮೇಡಂ ಬೆಂಚುಗಳ ಕಡೆ ನೋಡಿ, ಕೇಳದೆ ಓಡಾಡಿದವರು ಯಾರಾದರೂ ಇದ್ದೀರಾ ಎಂದರು. ಗಂಡಸರೆಲ್ಲ ನೆಲ ನೋಡಿದರು. ಹಿರಿಯರೇ ಹಾಗೆ ಹೇಳಿದ ಮೇಲೆ ಯಾರಿಗೆ ಬಾಯಿ ಬರುತ್ತದೆ? ಮೈದುನ ಏಳಲು ಹೋದ. ಇವರು ಅವನನ್ನು ನೋಡಿದರು. ಕೂತುಬಿಟ್ಟ.

ಆಮೇಲೆ ಇವರು ಮೇಡಂ ಕಡೆ ತಿರುಗಿದರು.

"ನನ್ನ ಹೆಂಡತಿಯನ್ನ ಕೇಳಿ. ಅವಳು ಯಾರನ್ನೂ ಕೇಳೋಳಲ್ಲ."

ಬೆಂಚುಗಳಲ್ಲಿ ನಗು ಎದ್ದಿತು. ಇವರು ನಗಲಿಲ್ಲ. ನಾನು ಎದ್ದು ಹೋದೆ.

"ಯಾವತ್ತೂ ಕೇಳಿಲ್ವಾ?" ವಕೀಲರು.

"ಯಾಕೆ ಕೇಳಲಿ?"

"ಅವರ ಜಾಗ ಅಲ್ವಾ?"

"ಕುರ್ಚಿ ಅವರದ್ದು. ನಾನು ಕುರ್ಚಿ ಮೇಲೆ ಹೋಗಲಿಲ್ಲ."

"ಅವರು ಆಕ್ಷೇಪ ಮಾಡಲಿಲ್ವಾ?"

"ಬೈಯೋರು. ದಿನಾ ಬೈಯೋರು."

"ಬೈದಾಗ ನಿಲ್ತಿದ್ರಾ?"

"ತಲೆ ಮೇಲೆ ಬುಟ್ಟಿ ಇದ್ರೆ ನಿಲ್ಲೋಕಾಗಲ್ಲ. ಹೊರಗಿದೆ, ಬೇಕಾದ್ರೆ ಹೊತ್ತು ನೋಡಿ."

ಮತ್ತೆ ನಗು. ವಕೀಲರೂ ತುಟಿಯಲ್ಲಿ ನಕ್ಕರು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದರು.

"ಅಂಗಳದಲ್ಲಿ ಹೆಣ ಇದ್ದ ದಿನ? ಅವತ್ತು ಎಲ್ಲರಿಗೂ ಬೇಡ ಅಂದಿದ್ರಲ್ಲ. ಅವತ್ತು ನೀವು ಹೋಗಲಿಲ್ಲ ಅಲ್ವಾ?"

ನಗು ನಿಂತಿತು. ಯಜಮಾನರ ಮಗ ತಲೆಯೆತ್ತಿ ನನ್ನನ್ನೇ ನೋಡಿದ. ಸತ್ತದ್ದು ಅವನ ತಾಯಿ. ಹೋಗಲಿಲ್ಲ ಎಂದರೆ ನನ್ನ ಮಾನ ಉಳಿಯುತ್ತದೆ, ದಾರಿ ಹೋಗುತ್ತದೆ. ಹೋದೆ ಎಂದರೆ ಇಷ್ಟು ಜನರ ಎದುರು ನಾನು ಏನಾಗುತ್ತೇನೆ ಎಂದು ನನಗೆ ಗೊತ್ತಿತ್ತು. ಅವತ್ತು ನಡೆದದ್ದಕ್ಕೆ ಇವರು ನನ್ನೊಡನೆ ಬಹಳ ದಿನ ಮಾತು ಬಿಟ್ಟಿದ್ದರು.

"ಹೋದೆ" ಎಂದೆ.

"ಹೆಣದ ಪಕ್ಕದಲ್ಲೇ?"

"ದಾರಿ ಇದ್ದದ್ದೇ ಅಲ್ಲಿ. ಬುಟ್ಟಿ ತುಂಬ ಮೀನಿತ್ತು, ಬಿಸಿಲಿತ್ತು. ಯಜಮಾನರು ಬೇಡ ಅಂದ್ರು, ಕೇಳಿಸ್ತು. ನಿಲ್ಲಲಿಲ್ಲ. ಆಯಮ್ಮನ ಕಾಲ ಹತ್ರ ನೀರು ತೊಟ್ಟಿಕ್ಕಿತು. ನೋಡಿದೋರು ಇಲ್ಲೇ ಕೂತಿದ್ದಾರೆ. ಆಯಮ್ಮನ ಮಗನೂ ನೋಡಿದ್ದಾನೆ."

ಯಜಮಾನರ ಮಗನನ್ನು ತೋರಿಸಿದೆ. ಅವನು ಸುಳ್ಳು ಎನ್ನಬಹುದಿತ್ತು. ಹೋಟೆಲ್ಲಿನವರು ಅವನನ್ನು ಕರೆತಂದದ್ದೇ ಅಂಥದ್ದಕ್ಕೆ. ಮೇಡಂ ಅವನನ್ನು ಕೇಳಿದರು. ಅವನು ಸಿಟ್ಟಿನಲ್ಲಿ, "ಹೋದಳು. ನಾಚಿಕೆ ಇಲ್ಲದೆ ಹೋದಳು" ಎಂದ. ವಕೀಲರು ಅವನ ತೋಳು ಹಿಡಿಯುವಷ್ಟರಲ್ಲಿ ಮಾತು ಆಚೆ ಬಂದಾಗಿತ್ತು.

ಮೇಡಂ ಬರೆದುಕೊಂಡರು. ನಾನು ಬಂದು ಕೂತೆ. ಪಕ್ಕದವಳು ಸ್ವಲ್ಪ ಸರಿದಳು. ಜಾಗ ಕೊಟ್ಟಳೋ ದೂರ ಹೋದಳೋ ತಿಳಿಯಲಿಲ್ಲ. ಇವರು ನನ್ನ ಕಡೆ ತಿರುಗಿ ನೋಡಲೇ ಇಲ್ಲ.

ತೀರ್ಮಾನ ಹೀಗೆ ಬಂತು. ಯಾರನ್ನೂ ಕೇಳದೆ ಓಡಾಡಿದ್ದು ತಲೆಹೊರೆ ಹೊತ್ತು ನಡೆದುಹೋಗುವವರು ಮಾತ್ರ. ಆದ್ದರಿಂದ ಕಾಲುದಾರಿ ಉಳಿಯುತ್ತದೆ, ಕುರ್ಚಿಗೂ ಗೋಡೆಗೂ ನಡುವೆ ಇದ್ದಷ್ಟು ಅಗಲ. ದೋಣಿ ಹೋಗುತ್ತಿದ್ದದ್ದು ಅಪ್ಪಣೆಯ ಮೇಲೆ. ದೋಣಿಗೆ ದಾರಿ ಇಲ್ಲ. ಕೊನೆಯ ನಕ್ಷೆ ಇನ್ನೊಂದು ವರ್ಷಕ್ಕೆ ಬರುತ್ತದೆ. ಅಲ್ಲಿಯವರೆಗೆ ಆಕ್ಷೇಪ ಹಾಕಲು ಹೋಟೆಲ್ಲಿನವರಿಗೆ ಅವಕಾಶ ಇದೆ.

ಮೇಡಂ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಹೇಳಿದರು. "ಹೇಗೆ ಓಡಾಡ್ತಿದ್ರೋ ಹಾಗೇ ಓಡಾಡಿ ಅಮ್ಮ. ಇನ್ನು ಯಾರಾದ್ರೂ ಒಬ್ಬರು ಅಪ್ಪಣೆ ಕೇಳಿದ್ರೂ ಅವರು ಅದನ್ನೇ ತಂದು ನನ್ನ ಮೇಜಿನ ಮೇಲೆ ಇಡ್ತಾರೆ."

ಗೋಡೆ ಎದ್ದಿತು. ಗೋಡೆಯ ಪಕ್ಕದಲ್ಲಿ ನಮ್ಮ ಸಂದು. ಇಬ್ಬರು ಎದುರಾದರೆ ಒಬ್ಬರು ಅಡ್ಡ ತಿರುಗಬೇಕು. ಸಂದಿನ ಬಾಯಲ್ಲಿ ಒಬ್ಬ ಕಾವಲುಗಾರ, ಒಳ್ಳೆಯ ನಗುಮುಖದವನು. ಅವನನ್ನು ಆರಿಸಿ ಇಟ್ಟಿದ್ದರು ಎಂದೇ ನನ್ನ ಲೆಕ್ಕ.

"ಬನ್ನಿ ಅಮ್ಮ. ಹೋಗ್ತೀರಾ? ಒಂದು ಮಾತು ಹೇಳಿ ಹೋಗಿ, ನಂಗೂ ಖುಷಿ" ಎನ್ನುತ್ತಿದ್ದ. ಅವನ ಅಂಗಿಯ ಜೇಬಿನಲ್ಲಿ ಫೋನು ಹೊರಗೆ ಇಣುಕುತ್ತಿತ್ತು. ನಾವು ಮುಖ ತಿರುಗಿಸಿ ಹೋಗುತ್ತಿದ್ದೆವು. ಹೆಂಗಸರಿಗೆ ಕಷ್ಟವಾಗಲಿಲ್ಲ. ಗಂಡಸರಿಗೆ ನಾನೇ ಕಲಿಸಬೇಕಾಯಿತು. ಕೈ ಎತ್ತಬೇಡಿ, ತಲೆ ಬಗ್ಗಿಸಬೇಡಿ, ಹಲ್ಲು ಕಿರಿಯಬೇಡಿ. ಒಂದು ದಿನ ಆ ಕಾವಲುಗಾರನೇ, "ನಾನೇನ್ ತಪ್ಪು ಮಾಡಿದೀನಿ, ಒಬ್ಬರೂ ಮಾತಾಡ್ಸಲ್ವಲ್ಲ" ಎಂದು ಸಪ್ಪಗೆ ನಿಂತಿದ್ದ. ಆಗಲೂ ನಾನು ಮಾತಾಡಿಸಲಿಲ್ಲ.

ಇವರಿಗೆ ಮಾತ್ರ ಆಗಲಿಲ್ಲ. ಒಂದು ಬೆಳಗ್ಗೆ ನನ್ನ ಜೊತೆ ಹೊರಟರು. ಸಂದಿನ ಹತ್ತಿರ ಬಂದು, ಕಾವಲುಗಾರನನ್ನು ನೋಡಿ, ನಿಂತರು. ಬಾಯಿ ತೆರೆಯುತ್ತಿತ್ತು. ನಾನು ತೋಳು ಹಿಡಿದು ಮನೆಗೆ ಎಳೆದುಕೊಂಡು ಬಂದೆ.

"ಹಾಗೆ ನುಗ್ಗೋಕೆ ನನ್ನಿಂದ ಆಗಲ್ಲ ಕಣೇ."

"ಹಾಗಿದ್ರೆ ಮನೇಲಿರಿ."

ಮನೆಯಲ್ಲೇ ಇದ್ದರು. ಆಮೇಲೆ ಇವರು ಸಮುದ್ರ ನೋಡಲಿಲ್ಲ. ಮೈದುನನ ದೋಣಿಯನ್ನು ಮುಗಿಸಿದರು. ಲಾರಿಯ ಮೇಲೆ ಬಂದರು ಸುತ್ತಿ ಹೋಯಿತು. ಅದೇ ಕೊನೆಯದು. ಮೈದುನ ದೋಣಿಯನ್ನು ಅಲ್ಲೇ ಬಂದರಿನಲ್ಲಿ ಕಟ್ಟಿಹಾಕಿ ದಿನಾ ಅಷ್ಟು ದೂರ ಹೋಗಿ ಬರಬೇಕಾಯಿತು. ಅಣ್ಣನ ಮೇಲಿನ ಕೋಪವನ್ನು ನುಂಗಿಕೊಂಡ. ಇವರು ದೋಣಿಯ ಮುರಿದ ಹುಟ್ಟುಗಳನ್ನು ರಿಪೇರಿ ಮಾಡುತ್ತಾ ಕೂತರು. ನನ್ನ ಮೇಲೆ ಕೋಪವಿದೆಯೋ ಎಂದು ಒಂದು ಸಲ ಕೇಳಿದೆ. "ಅವತ್ತು ನೀನು ಹೋಗಿದ್ದು ಸರಿ ಅಲ್ಲ" ಎಂದರು. ಕೈಯಲ್ಲಿದ್ದ ಹುಟ್ಟನ್ನು ತಿರುಗಿಸಿ ಹಿಡಿದು, "ಹೇಳಿದ್ದು ಸರಿ" ಎಂದರು.

ಬೇಸಿಗೆಯಲ್ಲಿ, ಮಧ್ಯಾಹ್ನ, ಹುಟ್ಟಿಗೆ ಮರಳುಕಾಗದ ಉಜ್ಜುತ್ತಿದ್ದವರು ಹಾಗೇ ಮುಂದಕ್ಕೆ ಬಾಗಿದರು. ನಾನು ಮೀನು ಮಾರಿ ಬಂದಾಗ ಕೈ ತಣ್ಣಗಿತ್ತು.

ಸ್ಮಶಾನ ಇರುವುದು ಮರಳಿನ ತುದಿಯಲ್ಲಿ. ಶೆಡ್ಡಿನ ಅಗಲವಾದ ಹಲಗೆಯ ಮೇಲೆ ಮಲಗಿಸಿದೆವು. ನಾಲ್ಕು ಜನ ಹೊತ್ತರೆ ಸಂದಿನಲ್ಲಿ ಹಿಡಿಸುವುದಿಲ್ಲ. ಬಂದರು ಸುತ್ತೋಣ ಎಂದು ಒಬ್ಬರು, ವ್ಯಾನು ತರೋಣ ಎಂದು ಇನ್ನೊಬ್ಬರು. ಅಷ್ಟರಲ್ಲಿ ಹೋಟೆಲ್ಲಿನ ಮ್ಯಾನೇಜರ್ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಇವರ ಕಾಲ ಹತ್ತಿರ ನಿಂತ.

"ದೊಡ್ಡ ಗೇಟು ತೆಗೆಸ್ತೀನಿ ಅಮ್ಮ. ಹಳೇ ದಾರಿಯಲ್ಲೇ ಅವರನ್ನ ಕರ್ಕೊಂಡು ಹೋಗಿ. ನೀವು ಒಂದು ಮಾತು ಕೇಳಿದ್ರೆ ಸಾಕು."

ಅವನಿಗೆ ನಿಜವಾಗಿಯೂ ಮರುಕ ಇತ್ತೋ ಏನೋ. ಮರುಕದ ಜೊತೆ ಅವನ ಹಿಂದೆ ಫೋನು ಹಿಡಿದ ಇನ್ನೊಬ್ಬನೂ ಇದ್ದ.

ಎಲ್ಲರೂ ನನ್ನನ್ನು ನೋಡಿದರು.

"ಅತ್ತಿಗೆ, ಕೇಳಿ" ಎಂದ ಮೈದುನ. "ಅಣ್ಣ ಜೀವಮಾನ ಇಡೀ ಆ ಗೇಟಿನಲ್ಲಿ ಮರ್ಯಾದೆಯಿಂದ ಹೋದೋನು. ಅವನಿಗೋಸ್ಕರ ಒಂದು ಮಾತು."

ನಾನು ಆಗಲ್ಲ ಎಂದು ತಲೆ ಆಡಿಸಿದೆ.

"ಹಾಗಿದ್ರೆ ನಾನೇ ಕೇಳ್ತೀನಿ." ಅವನು ಮ್ಯಾನೇಜರ್ ಕಡೆ ತಿರುಗಿದ. ಬಾಯಿ ತೆರೆದ.

ನಾನು ಎದ್ದು ಅವನ ಅಂಗಿ ಹಿಡಿದೆ. ಗುಂಡಿ ಕಿತ್ತು ಬಂತು. "ನೀನು ಕೇಳಿದ್ರೆ ಈ ಹೆಣ ಇಲ್ಲಿಂದ ಏಳಲ್ಲ."

"ಕಲ್ಲು ಕಣ್ರೀ ನೀವು."

"ಹೌದು. ನಿಮ್ಮಣ್ಣ ಕೇಳಿದ್ದಕ್ಕೆ ದೋಣಿ ದಾರಿ ಹೋಯ್ತು. ನೀನು ಕೇಳಿದ್ರೆ ಕೇರಿಯವರು ಕಾಲಿಡೋ ದಾರಿಯೂ ಹೋಗುತ್ತೆ. ಆಮೇಲೆ ಅಲ್ಲಿಗೆ ಹೋಗಿ ಅಳೋಕೂ ನಂಗೆ ದಾರಿ ಇರಲ್ಲ."

ಅವನ ಕೈ ಮೇಲೆದ್ದಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಮ್ಯಾನೇಜರ್ ನೆಲ ನೋಡುತ್ತಾ ನಿಂತಿದ್ದ. ಫೋನಿನವನು ಮಾತ್ರ ನಮ್ಮನ್ನೇ ನೋಡುತ್ತಿದ್ದ.

ಹೆಂಗಸರು ತಮ್ಮ ಸಿಂಬಿಗಳನ್ನು ಕೊಟ್ಟರು, ಬುಟ್ಟಿಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಬಳೆಗಳನ್ನು. ಹಲಗೆಯ ಮುಂದಿನ ತುದಿಯನ್ನು ಮೈದುನ ತಲೆಯ ಮೇಲೆ ಹೊತ್ತ, ಹಿಂದಿನ ತುದಿಯನ್ನು ಅವನ ಜೊತೆಗಾರ. ಇಬ್ಬರಿಗೂ ಅಭ್ಯಾಸವಿರಲಿಲ್ಲ. ಸಂದಿನೊಳಗೆ ಹೋದ ಮೇಲೆ ಹಲಗೆ ಒಂದು ಸಲ ಗೋಡೆಗೆ ತಗುಲಿ ವಾಲಿತು. ಮೈದುನನ ಮೊಣಕೈ ಗೋಡೆಗೆ ಉಜ್ಜಿ ಚರ್ಮ ಹೋಯಿತು. "ನಿಲ್ಬೇಡ, ನಡಿ" ಎಂದು ನಾನು ಹಿಂದಿನಿಂದ ಹೇಳುತ್ತಲೇ ಇದ್ದೆ. ಸಂದಿನ ಬಾಯಲ್ಲಿದ್ದ ಕಾವಲುಗಾರ ಆಗಲೇ ಟೋಪಿ ತೆಗೆದು ಪಕ್ಕಕ್ಕೆ ಸರಿದಿದ್ದ. ಅವನು ಏನೂ ಹೇಳಲಿಲ್ಲ. ನಾವೂ ಏನೂ ಹೇಳಲಿಲ್ಲ. ಆಚೆಗೆ ಬಂದಾಗ ಮರಳು ಸುಡುತ್ತಿತ್ತು.

ಹೋಟೆಲ್ಲಿನವರು ಆಕ್ಷೇಪ ಹಾಕಿದರು. ತೋರಿಸಲು ಅವರ ಹತ್ತಿರ ಅಪ್ಪಣೆ ಕೇಳಿದ ಒಬ್ಬರ ಮಾತೂ ಇರಲಿಲ್ಲ. ಕೊನೆಯ ನಕ್ಷೆ ಬಂತು. ಕಚೇರಿಯ ಗೋಡೆಯ ಮೇಲೆ ಹಾಕಿದ್ದಾರೆ, ಹೋಗಿ ನೋಡಿದೆ. ಪೆನ್ಸಿಲ್ಲಿನ ಚುಕ್ಕಿಗಳ ಮೇಲೆ ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ಬಹಳ ಸಣ್ಣ ಗೆರೆ.

ಮೈದುನ ಅಣ್ಣನನ್ನು ಹೊತ್ತ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬೆಳಗ್ಗೆ ಮರಳಿನಲ್ಲಿ ಒಣಹಾಕಲು ಬಲೆ ಹೊತ್ತುಕೊಂಡು ಸಂದಿನಲ್ಲಿ ಹೋಗುತ್ತಾನೆ, ನಾನು ಬುಟ್ಟಿ ಹೊತ್ತು ಎದುರಿಗೆ ಬರುತ್ತೇನೆ. ಅವನು ಗೋಡೆಗೆ ಒತ್ತಿಕೊಂಡು ಅಡ್ಡ ತಿರುಗುತ್ತಾನೆ. ನಾನು ದಾಟುತ್ತೇನೆ.